ಮಾತಿಲ್ಲದ ತೆರೆಯ ಸುಲೋಚನಾ

ಕಾವ್ಯಮೀಮಾಂಸೆಯ ಪಾಠದಲ್ಲಿ ಅಭಿನಯದ ನಾಲ್ಕು ವಿಧಗಳನ್ನು ನಾವೆಲ್ಲ ಓದುತ್ತೇವೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಯಾಗಿ ಬರುವ ಈ ವಿಂಗಡಣೆಯನ್ನು ಕಂಠಪಾಠ ಮಾಡಿ ಬರೆದುಬಿಡುವವರೇ ಹೆಚ್ಚು. ಆದರೆ ಈ ನಾಲ್ಕರಲ್ಲಿ ಒಂದನ್ನು ಕಿತ್ತುಹಾಕಿದರೆ ಏನಾಗುತ್ತದೆ? ಮಾತು ನಾಟ್ಯದ ಶರೀರವಿದ್ದಂತೆ, ಅದರಲ್ಲಿ ವಿಶೇಷ ಪ್ರಯತ್ನ ಬೇಕು ಎಂದು ಭರತಮುನಿ ಹೇಳಿದ್ದಾನೆ. ಆ ಶರೀರವೇ ಇಲ್ಲದೆ ನಾಟ್ಯ ಬದುಕಬಲ್ಲುದೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಇಂಥದೊಂದು ಪ್ರಯೋಗ ಹದಿನೆಂಟು ವರ್ಷಗಳ ಕಾಲ ನಡೆಯಿತು. 1913ರಿಂದ 1931ರವರೆಗೆ ನಮ್ಮ ಕಥಾಚಿತ್ರಗಳಿಗೆ ಮಾತಿರಲಿಲ್ಲ. ಅವುಗಳನ್ನು ಮೂಕಿಚಿತ್ರಗಳೆಂದು ಕರೆಯುವುದು ಈಗ ರೂಢಿ. ಮೂಕಿಯಾಗಿದ್ದಾಗ ಯಾರಿಗೂ ಅದು ಮೂಕಿ ಎನಿಸಿರಲಿಲ್ಲ. ಮಾತು ಬಂದ ಮೇಲೆ ಕೊಟ್ಟ ಹೆಸರು ಅದು.

ಆ ಹದಿನೆಂಟು ವರ್ಷಗಳ ಕೊನೆಯ ಭಾಗದಲ್ಲಿ ದೇಶದ ಅತ್ಯಂತ ಪ್ರಸಿದ್ಧ ಅಭಿನೇತ್ರಿಯಾಗಿದ್ದವಳು ಸುಲೋಚನಾ. ಹುಟ್ಟುಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ ಜನನ. ಬಾಗ್ದಾದಿನ ಕಡೆಯಿಂದ ಬಂದು ಭಾರತದಲ್ಲಿ ನೆಲೆನಿಂತ ಯೆಹೂದ್ಯ ಸಮುದಾಯಕ್ಕೆ ಸೇರಿದವಳು. ಆಕೆಯ ವೃತ್ತಿಜೀವನವನ್ನು ಇಲ್ಲಿ ವಿವರಿಸಲು ಹೊರಟಿರುವುದಕ್ಕೆ ತಾರೆಯೆಂಬ ಬೆರಗಿಗಿಂತ ಬೇರೊಂದು ಕಾರಣವಿದೆ. ಭಾಷೆಯೊಂದು ಮನುಷ್ಯನ ಬದುಕಿನ ನಡುವೆ ಇದ್ದಕ್ಕಿದ್ದಂತೆ ಪ್ರವೇಶಿಸಿ, ನೀನು ಒಳಗಿನವನೋ ಹೊರಗಿನವನೋ ಎಂದು ಕೇಳುವ ಗಳಿಗೆಯನ್ನು ಆಕೆಯ ಕಥೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಮನೆಯಲ್ಲೊಂದು ನುಡಿ, ಸಂತೆಯಲ್ಲೊಂದು ನುಡಿ, ಕಚೇರಿಯ ಅರ್ಜಿಯಲ್ಲಿ ಇನ್ನೊಂದು ನುಡಿ ಎಂಬ ಬದುಕು ನಡೆಸುತ್ತಿರುವ ಗಡಿನಾಡಿನ ನಮಗೆ ಆ ಗಳಿಗೆ ಅಪರಿಚಿತವಲ್ಲ.

ಆಕೆ ತೆರೆಗೆ ಬರುವ ಮುನ್ನ ಅಲ್ಲಿನ ಸ್ಥಿತಿ ಹೇಗಿತ್ತೆಂಬುದನ್ನು ಸ್ವಲ್ಪ ನೋಡಬೇಕು. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಗಿರ್ಗಾಂವಿನ ಕಾರೋನೇಶನ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಅದರಲ್ಲಿ ತಾರಾಮತಿಯಾಗಿ ಅಭಿನಯಿಸಿದವನು ಅಣ್ಣಾ ಸಾಳುಂಕೆ ಎಂಬ ಯುವಕ. ಗ್ರಾಂಟ್ ರೋಡಿನ ಒಂದು ಉಪಾಹಾರಗೃಹದಲ್ಲಿ ಅಡುಗೆಯವನಾಗಿದ್ದವನು. ತಿಂಗಳಿಗೆ ಹತ್ತು ರೂಪಾಯಿ ಸಂಬಳದವನಿಗೆ ಫಾಲ್ಕೆ ಹದಿನೈದು ಕೊಡುವುದಾಗಿ ಹೇಳಿ ಕರೆತಂದರೆಂಬ ವೃತ್ತಾಂತ ಪ್ರಸಿದ್ಧವಾಗಿದೆ. ಸಿನಿಮಾದಲ್ಲಿ ನಟಿಸಲು ಹೆಂಗಸರು ಯಾರೂ ಒಪ್ಪಲಿಲ್ಲ. ವೇಶ್ಯಾವಾಟಿಕೆಯಲ್ಲಿ ವಿಚಾರಿಸಿದರೂ ಒಪ್ಪಲಿಲ್ಲ. ಸಾಳುಂಕೆ ಮುಂದೆ 1917ರ ‘ಲಂಕಾದಹನ’ದಲ್ಲಿ ರಾಮನೂ ಆದ, ಸೀತೆಯೂ ಆದ. ಕಂಪನಿ ನಾಟಕಗಳಲ್ಲಿ ಸ್ತ್ರೀಪಾತ್ರಧಾರಿ ಪುರುಷರನ್ನು ಕಂಡು ಪಳಗಿದ್ದ ಪ್ರೇಕ್ಷಕರಿಗೆ ಇದು ವಿಚಿತ್ರವೆನಿಸಿರಲಾರದು. ಆದರೂ ಕ್ಯಾಮರಾ ರಂಗಭೂಮಿಯ ದೀಪದಷ್ಟು ಉದಾರಿಯಲ್ಲ. ಹತ್ತಿರದಿಂದ ತೋರಿಸುವ ಮುಖಕ್ಕೆ ಹೆಣ್ಣೇ ಬೇಕಾಯಿತು.

ಹಿಂದೂ, ಮುಸಲ್ಮಾನ ಕುಟುಂಬಗಳ ಹೆಂಗಸರು ಹಿಂಜರಿದ ಈ ಸ್ಥಳವನ್ನು ತುಂಬಿದವರಲ್ಲಿ ಆಂಗ್ಲೋ ಇಂಡಿಯನ್ ಮತ್ತು ಯೆಹೂದ್ಯ ಯುವತಿಯರು ಮುಖ್ಯರು. ಪೇಶನ್ಸ್ ಕೂಪರ್, ಸೀತಾದೇವಿಯೆಂಬ ಹೆಸರಿನಿಂದ ಪ್ರಸಿದ್ಧಳಾದ ರೆನೀ ಸ್ಮಿತ್, ಎರ್ಮಲಿನ್ ಮೊದಲಾದವರು ಆ ಕಾಲದ ತೆರೆಯ ಮೇಲೆ ಮೆರೆದರು. ಹೊರಗೆ ಹೋಗಿ ದುಡಿಯುವುದು ಆ ಸಮುದಾಯಗಳ ಹೆಂಗಸರಿಗೆ ಅಷ್ಟು ಅವಮಾನದ ಸಂಗತಿಯಾಗಿರಲಿಲ್ಲ. ತೆರೆಯ ಮೇಲೆ ಮಾತಾಡಬೇಕಾಗಿಲ್ಲವಾದ್ದರಿಂದ ಅವರ ನಾಲಗೆಯ ಮೇಲೆ ಯಾವ ಭಾಷೆಯಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಹೆಸರನ್ನು ಮಾತ್ರ. ರೆನೀ ಸೀತಾದೇವಿಯಾದಂತೆ ರೂಬಿ ಸುಲೋಚನಾ ಆದಳು. ಸುಂದರವಾದ ಲೋಚನಗಳುಳ್ಳವಳು, ಬಹುವ್ರೀಹಿ. ಮಾತಿಲ್ಲದ ಕಲೆಯಲ್ಲಿ ಕಣ್ಣೇ ಬಂಡವಾಳವೆಂದು ತಿಳಿದವರು ಯಾರೋ ಇಟ್ಟ ಹೆಸರಿರಬೇಕು.

ಚಿತ್ರರಂಗಕ್ಕೆ ಬರುವ ಮುನ್ನ ಆಕೆ ಟೆಲಿಫೋನ್ ಆಪರೇಟರ್ ಆಗಿದ್ದಳು. ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವನಾನಿ ಆಕೆಯನ್ನು ಸಿನಿಮಾಕ್ಕೆ ಕರೆದಾಗ ಮೊದಲು ನಿರಾಕರಿಸಿದಳು. ಆಕೆಗೆ ಅಭಿನಯದ ಗಂಧವಿರಲಿಲ್ಲ. ಮೇಲಾಗಿ ಆ ವೃತ್ತಿಗೆ ಆಗ ಒಳ್ಳೆಯ ಹೆಸರೂ ಇರಲಿಲ್ಲ. ಭವನಾನಿ ಬಿಡಲಿಲ್ಲ, ಕೊನೆಗೆ ಒಪ್ಪಿದಳು. 1925ರ ‘ವೀರ್ ಬಾಲಾ’ ಆಕೆಯ ಮೊದಲ ಚಿತ್ರ. ಇಲ್ಲೊಂದು ವಿಪರ್ಯಾಸವಿದೆ. ಮುಖ ಕಾಣಿಸದೆ ಧ್ವನಿಯೊಂದರಿಂದಲೇ ಜೀವನ ಸಾಗಿಸುತ್ತಿದ್ದವಳು, ಧ್ವನಿ ಕೇಳಿಸದೆ ಮುಖವೊಂದರಿಂದಲೇ ಬದುಕಬೇಕಾದ ವೃತ್ತಿಗೆ ಬಂದಳು. ಈ ಭವನಾನಿಯವರ ಹೆಸರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೊಂದು ಕಾರಣಕ್ಕೆ ಪರಿಚಿತವಾಗಿರಬಹುದು. ಶೂದ್ರಕನ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂಬ ಮೂಕಿಚಿತ್ರವನ್ನಾಗಿ ಮೈಸೂರು ಸೀಮೆಯಲ್ಲಿ ಚಿತ್ರಿಸಿದವರು ಅವರೇ. ಆ ಚಿತ್ರದಲ್ಲಿ ಟಿ. ಪಿ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯ ಅಭಿನಯಿಸಿದ್ದರು. ಮಾತಿನ ಮಲ್ಲನಾದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ ಹೇಗೆ ಕಂಡಿರಬಹುದು ಎಂಬುದನ್ನು ಊಹಿಸಿಕೊಳ್ಳುವುದೇ ಒಂದು ಸೊಗಸು.

1926ರಲ್ಲಿ ‘ಟೆಲಿಫೋನ್ ಗರ್ಲ್’, ‘ಟೈಪಿಸ್ಟ್ ಗರ್ಲ್’, ‘ಸಿನಿಮಾ ಕ್ವೀನ್’ ಎಂಬ ಚಿತ್ರಗಳು ಬಂದವು. ಶೀರ್ಷಿಕೆಗಳನ್ನು ಓದಿದರೆ ಸಾಕು, ಕಾಲ ಬದಲಾದದ್ದು ತಿಳಿಯುತ್ತದೆ. ತಾರಾಮತಿ, ಸೀತೆಯರ ಜೊತೆಗೆ ಈಗ ನಗರದಲ್ಲಿ ದುಡಿಯುವ ಹೆಣ್ಣುಮಗಳು ಕಥೆಯ ನಾಯಕಿಯಾದಳು. ಆಕೆ ದುಡಿದದ್ದೇ ಆಕೆಯ ಪಾತ್ರವೂ ಆಯಿತು. ಪುರಾಣದ ಪಾತ್ರಕ್ಕೆ ಪ್ರೇಕ್ಷಕನ ಮನಸ್ಸಿನಲ್ಲಿ ಮೊದಲೇ ಒಂದು ಚಿತ್ರವಿರುತ್ತದೆ. ನಟಿ ಅದಕ್ಕೆ ಒಗ್ಗಬೇಕು. ಟೈಪಿಸ್ಟಳಿಗೆ ಅಂಥ ಮೂಲಮಾದರಿ ಇರಲಿಲ್ಲ. ಹೇಗೆ ನಡೆಯಬೇಕು, ಹೇಗೆ ಕುಳಿತುಕೊಳ್ಳಬೇಕು, ಗಂಡಸಿನ ಎದುರು ಎಷ್ಟು ಹೊತ್ತು ಕಣ್ಣು ಇಳಿಸದೆ ನಿಲ್ಲಬೇಕು ಎಂಬುದನ್ನೆಲ್ಲ ಮೊದಲಿನಿಂದ ಕಟ್ಟಬೇಕಾಗಿತ್ತು. ನನ್ನ ಅಭಿಪ್ರಾಯದಲ್ಲಿ ಸುಲೋಚನಾ ಮತ್ತು ಆಕೆಯ ಸಮಕಾಲೀನರ ನಿಜವಾದ ಸಾಧನೆ ಇರುವುದು ಇಲ್ಲಿ.

ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಫಿಲ್ಮ್ ಕಂಪನಿಗೆ ಹೋದ ಮೇಲೆ ಆಕೆಯ ಕೀರ್ತಿ ಶಿಖರಕ್ಕೇರಿತು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ ಚಿತ್ರದಲ್ಲಿ ಒಬ್ಬಳೇ ಎಂಟು ವೇಷಗಳಲ್ಲಿ ಕಾಣಿಸಿಕೊಂಡಳು. ಅವುಗಳಲ್ಲಿ ತೋಟದ ಮಾಲಿ, ಪೋಲೀಸಿನವನು, ಹೈದರಾಬಾದಿನ ಒಬ್ಬ ಗೃಹಸ್ಥ, ಬೀದಿಯ ಹುಡುಗ, ಬಂಗಾರದ ಕೂದಲಿನ ಯುರೋಪಿಯನ್ ಯುವತಿ ಸೇರಿದ್ದರು. ಹದಿನಾಲ್ಕು ವರ್ಷಗಳ ಹಿಂದೆ ಹೆಣ್ಣಿನ ಪಾತ್ರಕ್ಕೆ ಗಂಡಸನ್ನು ಹುಡುಕಬೇಕಾಗಿದ್ದ ತೆರೆಯ ಮೇಲೆ ಒಬ್ಬ ಹೆಣ್ಣು ಪೋಲೀಸಿನವನಾಗಿ ನಿಂತಳು. ಇದನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಆಹಾರ್ಯದ ವಿಜೃಂಭಣೆ ಎನ್ನಬೇಕು. ಆದರೆ ಮೀಸೆ ಅಂಟಿಸಿಕೊಂಡ ಮಾತ್ರಕ್ಕೆ ಪೋಲೀಸಿನವನಾಗುವುದಿಲ್ಲ. ಹೆಜ್ಜೆಯ ಭಾರ, ಹೆಗಲಿನ ನಿಲುವು, ಕೈಬೀಸುವ ರೀತಿ ಇವೆಲ್ಲ ವೇಷಕ್ಕೆ ತಕ್ಕಂತೆ ಬದಲಾಗಬೇಕು. ಮಾತಿನ ನೆರವಿದ್ದರೆ ದನಿಯನ್ನು ಗಡುಸುಗೊಳಿಸಿ ಅರ್ಧ ಕೆಲಸ ಮುಗಿಸಬಹುದಿತ್ತು. ಆ ಅನುಕೂಲ ಮೂಕಿಯ ನಟಿಗಿರಲಿಲ್ಲ.

1928ರ ‘ಅನಾರ್ಕಲಿ’ಯ ಹಿಂದೆ ಪೈಪೋಟಿಯ ಕಥೆಯಿದೆ. ಇಮ್ತಿಯಾಜ್ ಅಲಿ ತಾಜ್ ಅವರ ಉರ್ದು ನಾಟಕವನ್ನು ಆಧರಿಸಿ ಬೇರೊಂದು ಸಂಸ್ಥೆ ಸೀತಾದೇವಿಯನ್ನು ನಾಯಕಿಯಾಗಿಟ್ಟುಕೊಂಡು ಭಾರಿ ವೆಚ್ಚದ ಚಿತ್ರವೊಂದನ್ನು ತಯಾರಿಸುತ್ತಿತ್ತು. ಇಂಪೀರಿಯಲ್ ಸಂಸ್ಥೆ ಸುಲೋಚನಾಳನ್ನು ಹಾಕಿಕೊಂಡು ತರಾತುರಿಯಲ್ಲಿ ಅದೇ ಕಥೆಯನ್ನು ಚಿತ್ರಿಸಿ ಮೊದಲೇ ಬಿಡುಗಡೆ ಮಾಡಿ ಗೆದ್ದಿತು. ಆರ್. ಎಸ್. ಚೌಧರಿ ನಿರ್ದೇಶಿಸಿದ ಈ ‘ಅನಾರ್ಕಲಿ’, ಅದೇ ವರ್ಷದ ‘ಮಾಧುರಿ’ ಮತ್ತು 1929ರ ‘ಇಂದಿರಾ ಬಿ.ಎ.’ ಮೂರೂ ಜಯಭೇರಿ ಹೊಡೆದವು. ಆಕೆಯ ಜನಪ್ರಿಯತೆ ಎಷ್ಟಿತ್ತೆಂದರೆ, ಮಹಾತ್ಮ ಗಾಂಧಿಯವರು ಖಾದಿ ಪ್ರದರ್ಶನವನ್ನು ಉದ್ಘಾಟಿಸಿದ ಒಂದು ಕಿರುಚಿತ್ರವನ್ನು ತೋರಿಸುವಾಗ ಅದರೊಂದಿಗೆ ‘ಮಾಧುರಿ’ಯಲ್ಲಿನ ಆಕೆಯ ನೃತ್ಯವನ್ನು, ಧ್ವನಿಯ ಜೋಡಣೆಯೊಂದಿಗೆ, ಸೇರಿಸಲಾಗಿತ್ತು.

ಆಕೆಯ ಸಂಬಳದ ವಿಚಾರದಲ್ಲಿ ಒಂದು ಮಾತು ಬಹಳ ಓಡಾಡುತ್ತದೆ. ತಿಂಗಳಿಗೆ 5,000 ರೂಪಾಯಿ ಪಡೆಯುತ್ತಿದ್ದಳಂತೆ, ಅದು ಮುಂಬಯಿ ಗವರ್ನರನ ಸಂಬಳಕ್ಕಿಂತ ಹೆಚ್ಚಾಗಿತ್ತಂತೆ. ಮೊದಲರ್ಧವನ್ನು ಒಪ್ಪಬಹುದು. ಎರಡನೆಯದನ್ನು ಸ್ವಲ್ಪ ತೂಗಿ ನೋಡಬೇಕು. 1935ರ ಭಾರತ ಸರ್ಕಾರದ ಕಾಯಿದೆಯಲ್ಲಿ ಮುಂಬಯಿ ಗವರ್ನರನ ವಾರ್ಷಿಕ ಸಂಬಳ 1,20,000 ರೂಪಾಯಿ ಎಂದು ನಮೂದಾಗಿದೆ. ತಿಂಗಳಿಗೆ ಹತ್ತು ಸಾವಿರ. ಹಾಗಿರುವಾಗ ಐದು ಸಾವಿರ ಅದನ್ನು ಮೀರಿಸುವುದು ಹೇಗೆ? ಜನ ತಮ್ಮ ಮೆಚ್ಚುಗೆಯನ್ನು ಅಳೆಯಲು ಗವರ್ನರನನ್ನೇ ಅಳತೆಗೋಲಾಗಿ ಆರಿಸಿಕೊಂಡರು ಎಂಬುದಷ್ಟೇ ಇದರ ತಾತ್ಪರ್ಯ. ಕವಿಗಳಿಗೆ ರಾಜರು ಕೊಟ್ಟ ದಾನಗಳ ಲೆಕ್ಕವನ್ನು ಓದುವಾಗಲೂ ಇಂಥ ಎಚ್ಚರ ನಮಗಿರಬೇಕು.

ಆ ಕಾಲದ ಚಿತ್ರಮಂದಿರ ಮೌನವಾಗಿತ್ತೆಂದು ಭಾವಿಸಬಾರದು. ಪರದೆಯ ಬಳಿ ಹಾರ್ಮೋನಿಯಂ, ತಬಲಾ ನುಡಿಸುವವರಿರುತ್ತಿದ್ದರು. ದೃಶ್ಯಗಳ ನಡುವೆ ಅಕ್ಷರದ ಫಲಕಗಳು ಬರುತ್ತಿದ್ದವು. ಒಂದೇ ಫಲಕದ ಮೇಲೆ ಎರಡು ಮೂರು ಲಿಪಿಗಳಿರುವುದು ಸಾಮಾನ್ಯವಾಗಿತ್ತು. ಓದು ಬಾರದ ಪ್ರೇಕ್ಷಕರೇ ಹೆಚ್ಚಾಗಿದ್ದ ಕಾರಣ ಅವುಗಳನ್ನು ಗಟ್ಟಿಯಾಗಿ ಓದಿ ಅರ್ಥ ಹೇಳುವವನೊಬ್ಬ ಕೆಲವೆಡೆ ಇರುತ್ತಿದ್ದ. ಅಂದರೆ ವಾಚಿಕಾಭಿನಯವು ನಟಿಯ ಬಾಯಿಂದ ಹೊರಟು ಸಭಾಂಗಣದಲ್ಲಿ ನಿಂತಿದ್ದ ಯಾರೋ ಒಬ್ಬನ ಬಾಯಿಗೆ ಸೇರಿತ್ತು. ಆತ ಸ್ಥಳೀಯ. ಆತನಾಡುವುದು ಆ ಊರಿನ ಮಾತು. ಗಮಕದಲ್ಲಿ ವಾಚನಕಾರ ಮತ್ತು ವ್ಯಾಖ್ಯಾನಕಾರರನ್ನು ಕಂಡ ನಮಗೆ ಈ ಏರ್ಪಾಡು ಸುಲಭವಾಗಿ ಅರ್ಥವಾಗುತ್ತದೆ: ಕಾವ್ಯ ಎಲ್ಲಿಯದಾದರೇನು, ವ್ಯಾಖ್ಯಾನ ಮಾತ್ರ ನಮ್ಮೂರಿನದು. ಹೀಗೆ ಸುಲೋಚನಾ ಎಲ್ಲ ಭಾಷೆಯವರಿಗೂ ತಮ್ಮವಳೇ ಆಗಿದ್ದಳು. ಯಾವ ಭಾಷೆಗೂ ಸೇರಿರಲಿಲ್ಲ.

1931ರ ಮಾರ್ಚ್ 14ರಂದು ಈ ಏರ್ಪಾಡು ಮುರಿಯಿತು. ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ‘ಆಲಂ ಆರಾ’ ಬಿಡುಗಡೆಯಾಯಿತು. ಭಾರತದ ಮೊದಲ ವಾಕ್ಚಿತ್ರವಾದ ಅದನ್ನು ತಯಾರಿಸಿದ್ದು ಸುಲೋಚನಾ ದುಡಿಯುತ್ತಿದ್ದ ಇಂಪೀರಿಯಲ್ ಸಂಸ್ಥೆಯೇ, ನಿರ್ದೇಶಿಸಿದವರು ಇರಾನಿಯವರೇ. ಆದರೆ ಸಂಸ್ಥೆಯ ಅತ್ಯಂತ ದೊಡ್ಡ ತಾರೆ ಅದರಲ್ಲಿರಲಿಲ್ಲ. ನಾಯಕಿಯ ಪಾತ್ರ ಜುಬೇದಾಳಿಗೆ ಹೋಯಿತು. ಕಾರಣ ಸರಳವಾಗಿತ್ತು: ಜುಬೇದಾಳಿಗೆ ಹಿಂದೂಸ್ತಾನಿ ಚೆನ್ನಾಗಿ ಬರುತ್ತಿತ್ತು, ಸುಲೋಚನಾಳಿಗೆ ಬರುತ್ತಿರಲಿಲ್ಲ.

ಇಂದಿನ ಓದುಗರು ಇಲ್ಲೊಂದು ಪ್ರಶ್ನೆ ಕೇಳಬಹುದು. ಬೇರೊಬ್ಬರ ಧ್ವನಿ ಸೇರಿಸಬಹುದಿತ್ತಲ್ಲ? ಆಗ ಅದು ಸಾಧ್ಯವಿರಲಿಲ್ಲ. ಚಿತ್ರವನ್ನೂ ಶಬ್ದವನ್ನೂ ಒಟ್ಟಿಗೆ, ಸ್ಥಳದಲ್ಲಿಯೇ ಹಿಡಿಯುತ್ತಿದ್ದರು. ಇಂಪೀರಿಯಲ್ ಸ್ಟುಡಿಯೋ ರೈಲುಹಳಿಯ ಬಳಿಯಿದ್ದುದರಿಂದ ರೈಲುಗಳ ಸದ್ದು ಅಡಗಿದ ನಡುರಾತ್ರಿಯ ಮೇಲೆ ‘ಆಲಂ ಆರಾ’ದ ಬಹುಭಾಗವನ್ನು ಚಿತ್ರಿಸಿದರು. ನಟರು ತಮ್ಮ ಮಾತನ್ನು ತಾವೇ ಆಡಬೇಕು, ತಮ್ಮ ಹಾಡನ್ನು ತಾವೇ ಹಾಡಬೇಕು. ಹಿನ್ನೆಲೆ ಗಾಯನದ ಪದ್ಧತಿ ಬಂದದ್ದು 1935ರಲ್ಲಿ. ಆ ಚಿತ್ರದ ನಾಯಕ ಮಾಸ್ಟರ್ ವಿಠ್ಠಲನ ಪಾಡು ಇನ್ನೂ ಸ್ವಾರಸ್ಯಕರ. ಮೂಕಿಚಿತ್ರಗಳ ಸಾಹಸವೀರನಾಗಿ ಹೆಸರು ಮಾಡಿದ್ದ ಈ ಮರಾಠಿ ನಟನನ್ನು ಇರಾನಿ ಬೇರೆ ಸಂಸ್ಥೆಯಿಂದ ಸೆಳೆದುಕೊಂಡರು; ಒಪ್ಪಂದ ಮುರಿದನೆಂದು ಆ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು; ವಿಠ್ಠಲನ ಪರವಾಗಿ ವಾದಿಸಿದವರು ಮಹಮ್ಮದ್ ಅಲಿ ಜಿನ್ನಾ. ಮೊಕದ್ದಮೆ ಗೆದ್ದರೂ ಹಿಂದೂಸ್ತಾನಿಯ ಉಚ್ಚಾರ ಗೆಲ್ಲಲಾಗಲಿಲ್ಲ. ಕೊನೆಗೆ ಆತನ ಪಾತ್ರ ಚಿತ್ರದಲ್ಲಿ ಹೆಚ್ಚು ಹೊತ್ತು ಮಂಪರಿನ ಸ್ಥಿತಿಯಲ್ಲಿಯೇ ಇರುವಂತೆ ಮಾಡಿದರಂತೆ. ಮೊದಲ ವಾಕ್ಚಿತ್ರದ ನಾಯಕ ಮಾತಾಡದೆ ಉಳಿದ! ಕತ್ತಿ ಹಿಡಿದು ಛಾವಣಿಯಿಂದ ಛಾವಣಿಗೆ ಹಾರುತ್ತಿದ್ದವನಿಗೆ ಈ ಗತಿ ಬಂದಿತೆಂದರೆ, ಆಂಗಿಕದ ರಾಜ್ಯ ಮುಗಿದು ವಾಚಿಕದ ರಾಜ್ಯ ಆರಂಭವಾದದ್ದು ಎಷ್ಟು ಹಠಾತ್ತಾಗಿತ್ತೆಂಬುದನ್ನು ಗ್ರಹಿಸಬಹುದು.

ಒಮ್ಮೆ ಮಾತು ಬಂದ ಮೇಲೆ ಭಾರತದ ಸಿನಿಮಾ ಒಂದಾಗಿ ಉಳಿಯಲು ಸಾಧ್ಯವಿರಲಿಲ್ಲ. ಅದೇ 1931ರ ಅಕ್ಟೋಬರಿನಲ್ಲಿ ಇದೇ ಇಂಪೀರಿಯಲ್ ಸಂಸ್ಥೆಯ ‘ಕಾಳಿದಾಸ್’ ಬಂದಿತು. ಅದರಲ್ಲಿ ತಮಿಳೂ ತೆಲುಗೂ ಒಂದೇ ಚಿತ್ರದೊಳಗೆ ಮಾತಾಡಿಕೊಂಡವು. ಬಹುಭಾಷೆಯ ಊರಿನಲ್ಲಿ ಬೆಳೆದವರಿಗೆ ಇದರಲ್ಲಿ ನಗುವಂಥದೇನೂ ಕಾಣದು. ನಮ್ಮ ಸಂತೆಗಳಲ್ಲಿ ನಿತ್ಯ ನಡೆಯುವುದೂ ಅದೇ. ಆದರೆ ಸಿನಿಮಾ ಆ ದಾರಿಯಲ್ಲಿ ಮುಂದುವರಿಯಲಿಲ್ಲ. ಒಂದೊಂದು ಭಾಷೆಗೆ ಒಂದೊಂದು ಚಿತ್ರರಂಗ ಹುಟ್ಟಿತು. ಕನ್ನಡದ ಸರದಿ 1934ರಲ್ಲಿ ಬಂದಿತು. ಆ ವರ್ಷದ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ನಮ್ಮ ಮೊದಲ ವಾಕ್ಚಿತ್ರದ ಹೆಸರು, ಕಾಕತಾಳೀಯವಾಗಿ, ‘ಸತಿ ಸುಲೋಚನಾ’. ಆ ಸುಲೋಚನೆ ಇಂದ್ರಜಿತುವಿನ ಮಡದಿ. ಚಿತ್ರ ತಯಾರಾದದ್ದು ಗಡಿಯಾಚೆಯ ಕೊಲ್ಲಾಪುರದ ಸ್ಟುಡಿಯೋದಲ್ಲಿ. ನಿರ್ದೇಶಕ ವೈ. ವಿ. ರಾವ್ ಮೂಕಿಚಿತ್ರಗಳಲ್ಲಿ ನಟನಾಗಿ ಪಳಗಿದ್ದವರು. ಸಂಭಾಷಣೆ ಮತ್ತು ಗೀತೆಗಳು ಬೆಳ್ಳಾವೆ ನರಹರಿಶಾಸ್ತ್ರಿಗಳವು. ಅಭಿನಯಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯ, ತ್ರಿಪುರಾಂಬ ಇವರು ಕಂದ, ವೃತ್ತ, ಸಂಭಾಷಣೆಗಳನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ರಂಗಭೂಮಿಯ ಜನ. ಮಾತು ತೆರೆಗೆ ಬಂದಾಗ ಅದನ್ನು ತಂದವರು ನಾಟಕದವರು. ಟೆಲಿಫೋನ್ ಆಪರೇಟರುಗಳಿಗೆ ಅಲ್ಲಿ ಸುಲಭದ ಪ್ರವೇಶವಿರಲಿಲ್ಲ.

ಹೆಸರಿನ ಮಾತು ಬಂದುದರಿಂದ ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಪರಿಹರಿಸುವುದು ಲೇಸು. ಮರಾಠಿ ಮತ್ತು ಹಿಂದಿ ಚಿತ್ರಗಳಲ್ಲಿ ತಾಯಿಯ ಪಾತ್ರಗಳಿಂದ ಮನೆಮಾತಾದ ಸುಲೋಚನಾ ಲಾಟ್ಕರ್ ಬೇರೆ. ಅವರು 1928ರಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಖಡಕಲಾಟದಲ್ಲಿ ಹುಟ್ಟಿದವರು. ಗಡಿ ಭಾಗದ ಮನೆಗಳಲ್ಲಿ ಸುಲೋಚನಾ ಎಂದಾಕ್ಷಣ ಹಿರಿಯರಿಗೆ ನೆನಪಾಗುವುದು ಅವರೇ. ರೂಬಿ ಮೈಯರ್ಸಳ ಕಾಲ ಅದಕ್ಕಿಂತ ಒಂದು ತಲೆಮಾರು ಹಿಂದಿನದು.

ಪಾತ್ರ ಕೈತಪ್ಪಿದಾಗ ಆಕೆ ಏನು ಮಾಡಿದಳು? ಸುಮಾರು ಒಂದು ವರ್ಷ ತೆರೆಯಿಂದ ದೂರ ಉಳಿದು ಹಿಂದೂಸ್ತಾನಿ ಕಲಿತಳು. ದೇಶವಿಡೀ ಮುಖಪರಿಚಯವಿದ್ದ ತಾರೆ, ಕಾಗುಣಿತದಿಂದ ಆರಂಭಿಸುವ ಮಗುವಿನಂತೆ, ಉಚ್ಚಾರದಿಂದ ಆರಂಭಿಸಿ ಒಂದು ಭಾಷೆಯನ್ನು ಕಲಿಯಲು ಕುಳಿತಳೆಂಬುದು ಸಣ್ಣ ಸಂಗತಿಯಲ್ಲ. ಮೂಕಿಯ ಎಷ್ಟೋ ನಟನಟಿಯರು ಆ ವರ್ಷಗಳಲ್ಲಿ ಸದ್ದಿಲ್ಲದೆ ಮರೆಯಾದರು. ಆಕೆ 1932ರಲ್ಲಿ ಮರಳಿ ಬಂದಳು. ಬಂದದ್ದು ಯಾವ ಚಿತ್ರದಿಂದ? ತನ್ನದೇ ‘ಮಾಧುರಿ’ಯ ವಾಕ್ಚಿತ್ರರೂಪದಿಂದ.

ಆಮೇಲಿನ ಕ್ರಮ ಗಮನಾರ್ಹ. ಮಾತಿಲ್ಲದೆ ಗೆದ್ದ ಚಿತ್ರಗಳನ್ನು ಒಂದೊಂದಾಗಿ ಮಾತಿನೊಡನೆ ಮತ್ತೆ ಮಾಡಿದಳು. 1929ರ ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು, ಐದು ವರ್ಷದಲ್ಲಿ ನಾಯಕಿ ಸ್ನಾತಕೋತ್ತರ ಪದವಿಯನ್ನೂ ಪಡೆದಳು. 1935ರಲ್ಲಿ ‘ಅನಾರ್ಕಲಿ’, 1936ರಲ್ಲಿ ‘ಬಂಬೈ ಕೀ ಬಿಲ್ಲಿ’ ಮತ್ತೆ ಬಂದವು. ಜೊತೆಗಾರ ನಾಯಕ ದಿನ್‌ಶಾ ಬಿಲಿಮೋರಿಯಾ. ಮೂಕಿಯ ಕಾಲದಿಂದಲೂ ಪ್ರಸಿದ್ಧವಾಗಿದ್ದ ಜೋಡಿ ಅದು. ತನ್ನದೇ ಹಳೆಯ ಕೃತಿಗಳನ್ನು ಹೊಸ ಮಾಧ್ಯಮಕ್ಕೆ ತಾನೇ ಅನುವಾದಿಸಿದಳೆಂದು ಹೇಳಿದರೆ ತಪ್ಪಾಗದು. ಅನುವಾದದ ಪಾಠ ಓದುವಾಗ ಮೂಲದ ಭಾಷೆ, ಗುರಿಯ ಭಾಷೆ ಎಂದು ನಾವು ಹೇಳುತ್ತೇವಲ್ಲ, ಇಲ್ಲಿ ಮೂಲಕ್ಕೆ ಭಾಷೆಯೇ ಇರಲಿಲ್ಲ. ಈ ದಶಕದ ನಡುವೆ ‘ರೂಬಿ ಪಿಕ್ಸ್’ ಎಂಬ ಸ್ವಂತ ಸಂಸ್ಥೆಯನ್ನೂ ಸ್ಥಾಪಿಸಿದಳು. ಬಿಟ್ಟುಕೊಟ್ಟಿದ್ದ ಹುಟ್ಟುಹೆಸರು ಸಂಸ್ಥೆಯ ಫಲಕದ ಮೇಲೆ ಮರಳಿ ಬಂದಿತು.

ಆದರೆ ಆ ಪುನರಾಗಮನಕ್ಕೆ ಆಯುಷ್ಯ ಕಡಿಮೆ. ಹೊಸ ಸಂಸ್ಥೆಗಳು, ಹೊಸ ಮುಖಗಳು, ಹಾಡುವ ಕಂಠಗಳು ಬಂದವು. ಇಂಪೀರಿಯಲ್ ಬಿಟ್ಟ ಮೇಲೆ ಅವಕಾಶಗಳು ಇಳಿದವು, ನಾಯಕಿಯ ಪಾತ್ರಗಳ ಬದಲು ಪೋಷಕ ಪಾತ್ರಗಳು ದೊರೆತವು. 1947ರ ‘ಜುಗ್ನು’ವಿನಲ್ಲಿ ಆಕೆಯ ಪಾತ್ರಕ್ಕೆ ವಯಸ್ಸಾದ ಪ್ರಾಧ್ಯಾಪಕನೊಬ್ಬ ಮರುಳಾಗುವ ಪ್ರಸಂಗ ಅನೈತಿಕವೆಂದು ಮೊರಾರ್ಜಿ ದೇಸಾಯಿಯವರಿಗೆ ಕಂಡದ್ದರಿಂದ ಆ ಚಿತ್ರ ನಿಷೇಧಕ್ಕೊಳಗಾಯಿತು. ಚಿತ್ರರಂಗಕ್ಕೆ ಸಲ್ಲಿಸಿದ ಸೇವೆಗಾಗಿ 1973ರ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಆಕೆಗೆ ಸಂದಿತು. ಸ್ತ್ರೀಪಾತ್ರಕ್ಕೆ ಹೆಣ್ಣು ಸಿಗದೆ ಅಲೆದ ಫಾಲ್ಕೆಯವರ ಹೆಸರಿನ ಪ್ರಶಸ್ತಿ ಅದು. 1983ರ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ಆಕೆ ತೀರಿಕೊಂಡಳು.

ಆಕೆಯ ಮೂಕಾಭಿನಯವನ್ನು ಇಂದು ನೋಡಬೇಕೆಂದರೆ ಕಷ್ಟ. ಭಾರತದಲ್ಲಿ 1,300ಕ್ಕೂ ಹೆಚ್ಚು ಮೂಕಿಚಿತ್ರಗಳು ತಯಾರಾದವು, ಉಳಿದವು ಬೆರಳೆಣಿಕೆಯಷ್ಟು. ಆ ಕಾಲದ ನೈಟ್ರೇಟ್ ಸುರುಳಿಗಳು ಬೇಗ ಹೊತ್ತಿಕೊಳ್ಳುವಂಥವು, ಬೇಗ ಕೊಳೆಯುವಂಥವು. ಉಳಿದವನ್ನೂ ಅವುಗಳಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಸಿ ಮಾರಿದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಅಷ್ಟರಲ್ಲಿ ಬಹುಪಾಲು ಹೋಗಿಯಾಗಿತ್ತು. ನಮ್ಮ ‘ಸತಿ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ, ‘ಆಲಂ ಆರಾ’ದ್ದೂ ಇಲ್ಲ. ತಾಳೆಗರಿ ಹುಳು ತಿಂದು ಹೋದ ಕಾವ್ಯಗಳನ್ನು ಲಕ್ಷಣಗ್ರಂಥಗಳ ಉದಾಹರಣೆಗಳಿಂದ ಊಹಿಸಿಕೊಳ್ಳುವಂತೆ, ಈ ಚಿತ್ರಗಳನ್ನು ಜಾಹೀರಾತು, ಸ್ಥಿರಚಿತ್ರ, ವಿಮರ್ಶೆಗಳಿಂದ ಊಹಿಸಿಕೊಳ್ಳಬೇಕಾಗಿದೆ.

ಆಸಕ್ತರಿಗೆ ಒಂದು ದಾರಿಯಿದೆ. 1953ರಲ್ಲಿ ‘ಅನಾರ್ಕಲಿ’ ಇನ್ನೊಮ್ಮೆ ತೆರೆಗೆ ಬಂದಿತು. ಬೀನಾ ರಾಯ್ ನಾಯಕಿ. ಎರಡು ಸಲ ಅನಾರ್ಕಲಿಯಾಗಿದ್ದ ಸುಲೋಚನಾ ಈ ಸಲ ಸಲೀಮನ ತಾಯಿ ಜೋಧಾಬಾಯಿ. ಈ ಚಿತ್ರ ಉಳಿದಿದೆ, ಸುಲಭವಾಗಿ ಸಿಗುತ್ತದೆ. ನೋಡುವಾಗ ಮೊದಲ ಸಲ ಧ್ವನಿಯನ್ನು ಅಡಗಿಸಿ ಆಕೆಯ ಕಣ್ಣುಗಳನ್ನಷ್ಟೇ ಗಮನಿಸಿ. ಆಮೇಲೆ ಧ್ವನಿ ಹಾಕಿ, ಆಕೆ ಕಲಿತ ಹಿಂದೂಸ್ತಾನಿಯನ್ನು ಕೇಳಿ.